ನಿಂಬೆವ್ವ ಒಲ್ಲೆ ಅಂದದ್ದು

ನಮ್ಮೂರ ಪಾಟೀಲನಿಗೆ ಮೂಕರೆಂದರೆ ಬಲು ಪ್ರೀತಿ. ಕರುಣೆಯಿಂದಲ್ಲ. ಮೂಕರು ಮೈ ನೋಯುತ್ತದೆ ಅನ್ನುವುದಿಲ್ಲ. ಹಸಿವೆ ಅನ್ನುವುದಿಲ್ಲ. ಅವನ ದೊಡ್ಡ ಮನೆ, ವಾಡೆಯೊಳಗೆ ನಡೆದದ್ದನ್ನು ಹೊರಗೆ ಬಂದು ಹೇಳುವುದಿಲ್ಲ. ಅದಕ್ಕೇ ಅವನ ದನದ ಕೊಟ್ಟಿಗೆಯಲ್ಲಿ ಸೆಗಣಿ ಬಾಚುವುದಕ್ಕೆ, ಕಣದಲ್ಲಿ ಕಸ ಹೊಡೆಯುವುದಕ್ಕೆ, ಯಾವಾಗಲೂ ನಮ್ಮ ಹೊಲಗೇರಿಯ ಒಂದು ಮೂಕ ಜೀವ ಇರಲೇಬೇಕು. ಬಿಟ್ಟಿ ಚಾಕರಿ. ಕೂಲಿ ಇಲ್ಲ, ಕಾಳಿಲ್ಲ. ಉಳಿದ ರೊಟ್ಟಿ ಇದ್ದರೆ ಮೇಲಿನಿಂದ ಎಸೆಯುತ್ತಾರೆ, ಹಿಡಿದುಕೊಳ್ಳಬೇಕು.

ನಾನು ಸಾಬವ್ವ. ಸರಸಂಬಾ ದಾರಿಯ ಈ ಸಣ್ಣ ಊರಿನ ಸೂಲಗಿತ್ತಿ. ನನ್ನ ಬಾಯಿ ದೊಡ್ಡದು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಹೌದು, ದೊಡ್ಡದೇ. ಇಬ್ಬರ ಮಾತು ಆಡಬೇಕಾದ ಬಾಯಿ ಅದು. ನನ್ನ ತಂಗಿ ಹಣಮವ್ವನಿಗೆ ಕಿವಿ ಕೇಳುತ್ತಿರಲಿಲ್ಲ, ಮಾತು ಬರುತ್ತಿರಲಿಲ್ಲ. ಒಂಬತ್ತು ವರ್ಷದವಳನ್ನು ವಾಡೆಗೆ ಎಳೆದುಕೊಂಡು ಹೋದರು. ಎಮ್ಮೆ ಒದ್ದು ಪಕ್ಕೆಲುಬು ಮುರಿಯಿತು. ಹೇಳಲಿಕ್ಕೆ ಮಾತಿಲ್ಲ. ಎಂಟು ದಿನ ಅದೇ ಮುರಿದ ಪಕ್ಕೆಯಲ್ಲಿ ಸೆಗಣಿ ಬುಟ್ಟಿ ಹೊತ್ತಳು. ಒಂಬತ್ತನೇ ದಿನ ದನ ಮೇಯುವ ಗೋದಲಿಯ ಪಕ್ಕದಲ್ಲಿ ಸತ್ತು ಬಿದ್ದಿದ್ದಳು. "ನೋಯ್ತದ ಅಂತ ಹೇಳಬಾರದಿತ್ತೇನ ಹುಡುಗಿ" ಅಂದನಂತೆ ಆಗಿನ ಪಾಟೀಲ, ಈಗಿನವನ ಅಪ್ಪ. ಆ ಮಾತು ನೆನಪಾದರೆ ಇವತ್ತಿಗೂ ನನ್ನ ಹಲ್ಲು ಕಟಕಟ ಅನ್ನುತ್ತವೆ.

ಆದರೆ ಇದು ಅಳುವ ಕಥೆಯಲ್ಲ. ಅತ್ತು ಅತ್ತು ಸಾಕಾಗಿದೆ ನನಗೆ. ಇದನ್ನು ಹೇಳಲು ಕುಳಿತರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ನಡುನಡುವೆ ನಕ್ಕರೆ ತಡೆದುಕೊಳ್ಳಿ.

ಜರ್ಮನಿ ಲಡಾಯಿ ನಡೆದಿದ್ದ ಕಾಲ. ನಿಜಾಮನ ರಾಜ್ಯ. ಯಾರನ್ನೂ ಜಬರದಸ್ತಿಯಿಂದ ದುಡಿಸಿಕೊಳ್ಳಬಾರದು ಎಂದು ಮೇಲಿನಿಂದ ಹುಕುಂ ಬಂದಿದೆ ಅಂತ ಸಂತೆಯಲ್ಲಿ ಜನ ಮಾತಾಡುತ್ತಿದ್ದರು. ನಮ್ಮ ಪಾಟೀಲ ಬಸವಂತರಾಯ ಹುಕುಮಿಗೆ ಹೆದರುವ ಆಸಾಮಿಯೇ? ಅದನ್ನೇ ತನ್ನ ಜೇಬಿಗೆ ಹಾಕಿಕೊಂಡ. ಯುಗಾದಿ ಆಗಿ ಐದನೇ ದಿನ ಆಳಂದದಿಂದ ಕಂದಾಯದ ಗಿರ್ದಾವರ ಸಾಹೇಬ ಕಾಗದಪತ್ರ ನೋಡಲು ಬರುತ್ತಿದ್ದ. ಆ ದಿನ ಚಾವಡಿಯ ಮುಂದೆ ಕೇರಿಯವರನ್ನೆಲ್ಲ ಕೂಡಿಸುವುದು. ಒಬ್ಬೊಬ್ಬರ ಹೆಸರು ಕರೆಯುವುದು. "ವಾಡೇದ ಚಾಕರಿ ನಿನ್ನ ಖುಷಿಯಿಂದ ಮಾಡ್ತಿಯೋ, ಒಲ್ಲೆ ಅಂತಿಯೋ?" ಎಂದು ಎಲ್ಲರೆದುರಿಗೆ ಕೇಳುವುದು. ಸುಮ್ಮನಿದ್ದರೆ ಒಪ್ಪಿದಂತೆ. ಹೆಬ್ಬೆಟ್ಟು ಒತ್ತಿಸುವುದು. ಬಾಯಿದ್ದವರಿಗೆ ಒಲ್ಲೆ ಅನ್ನುವ ಧೈರ್ಯ ಇಲ್ಲ. ಬಾಯಿಲ್ಲದವರ ಮಾತಂತೂ ಬಿಡಿ. ಹೀಗಾಗಿ ಸರಕಾರದ ಕಾಗದದಲ್ಲಿ ನಾವೆಲ್ಲ ಬಹಳ ಖುಷಿಯಿಂದ ಸೆಗಣಿ ಬಾಚುವ ಜನ.

ಶಿವರಾತ್ರಿಯ ಮರುದಿನ ರುಕ್ಮಿಣಿಬಾಯಿ ಓಡೋಡಿ ನನ್ನ ಗುಡಿಸಲಿಗೆ ಬಂದಳು. ಗಂಡ ಸತ್ತವಳು. ಒಬ್ಬಳೇ ಮಗಳು, ನಿಂಬೆವ್ವ, ಎಂಟು ವರ್ಷ. ಹುಟ್ಟು ಕಿವುಡಿ. ಬೀಸುವ ಕಲ್ಲು ತಿರುಗಿದರೆ ನೆಲಕ್ಕೆ ಅಂಗೈ ಊರಿ ನಗುವಳು. ಅಷ್ಟೇ ಅವಳಿಗೆ ಸಿಗುವ ಸದ್ದು.

"ಅಕ್ಕಾ, ಈ ವರ್ಷ ನನ್ನ ಮಗಳ ಹೆಸರು ಕರೀತಾರಂತ. ಚಾವಡಿ ಧರ್ಮಣ್ಣ ಕಾಕಾ ಹೇಳಿದ. ನಾ ಏನ್ ಮಾಡ್ಲಿ?"

"ಆಕಿ ಒಲ್ಲೆ ಅನ್ನಬೇಕು."

"ಯವ್ವಾ, ನಿನಗ ಹುಚ್ಚು ಹಿಡದದೇನು? ಅದು ಮೂಕ ಕೂಸು!"

"ಮೂವತ್ತೈದು ದಿನ ಅವ. ಕಲಸ್ತೇನಿ."

ಕಲಿಸುವುದು ನನಗೆ ಗೊತ್ತಿತ್ತು. ಹೆಮ್ಮೆಯಿಂದಲೇ ಹೇಳುತ್ತೇನೆ. ತಂಗಿ ಸತ್ತ ಮೇಲೆ ನಾನು ಊರು ಬಿಟ್ಟು ಸೋಲಾಪುರಕ್ಕೆ ಹೋಗಿದ್ದೆ. ಅಲ್ಲಿ ಒಬ್ಬ ಬಾಯಿಸಾಹೇಬರ ಮನೆಯಲ್ಲಿ ಕಸ ಹೊಡೆಯುವ ಕೆಲಸ. ಆಕೆ ಕಿವುಡ ಮಕ್ಕಳಿಗೆ ಮಾತು ಕಲಿಸುತ್ತಿದ್ದಳು. ಒಂದು ಕೋಣೆ ಗುಡಿಸಲಿಕ್ಕೆ ನಾನು ಅರ್ಧ ದಿನ ತೆಗೆದುಕೊಳ್ಳುತ್ತಿದ್ದೆ. ಮೈಗಳ್ಳಿ ಎಂದು ಬೈಸಿಕೊಂಡೆ. ಮೂರು ವರ್ಷ ಬೈಸಿಕೊಳ್ಳುತ್ತಲೇ ಕಲಿತೆ. ಗಂಟಲ ಮೇಲೆ ಕೈ ಇಡಿಸುವುದು, ತುಟಿ ತೋರಿಸುವುದು, ಉಸಿರು ಮುಟ್ಟಿಸುವುದು, ಎಲ್ಲ. ಊರಿಗೆ ಬಂದ ಮೇಲೆ ಲಾಲಸಾಬ ಎಂಬವನ ಮಗಳ ಉಗ್ಗು ಬಿಡಿಸಿದೆ. ಆಮೇಲೆ ಮೇಲಿನ ಓಣಿಯವರೂ ಹಿತ್ತಿಲ ಬಾಗಿಲಿನಿಂದ ಕರೆಯತೊಡಗಿದರು. ಅವರ ಮಕ್ಕಳನ್ನು ನಾನು ಮುಟ್ಟುವಂತಿಲ್ಲ. ಹತ್ತು ಮಾರು ದೂರ ಕುಳಿತು ಕೂಗಿ ಹೇಳಬೇಕು, ಅವರವ್ವ ಮಗುವಿನ ಗಂಟಲು ಹಿಡಿಯಬೇಕು. ಮಗು ಅವ್ವಾ ಅಂದ ಕೂಡಲೇ ಅವರವ್ವ ಖುಷಿಯಿಂದ ಅಳುವಳು. ಅತ್ತು ಮುಗಿಸಿ ನಾನು ಕುಳಿತಿದ್ದ ಜಾಗಕ್ಕೆ ಸೆಗಣಿ ನೀರು ಹೊಡೆಯುವಳು.

ಮೊದಲ ಪಾಠದ ದಿನ ರುಕ್ಮಿಣಿಬಾಯಿ ನನ್ನ ಸೆರಗು ಹಿಡಿದುಕೊಂಡಳು.

"ಅಕ್ಕಾ, ಮೊದಲ ಅವ್ವಾ ಅನ್ನೂದು ಕಲಸು. ಎಂಟು ವರ್ಷ ಆತು, ಒಂದು ಸಲ ಕೇಳ್ತೇನಿ."

"ಅವ್ವಾ ಆಮ್ಯಾಲ. ಮೊದಲ ಒಲ್ಲೆ."

ಅವಳ ಕಣ್ಣು ತುಂಬಿತು. ಆದರೆ ದಿನ ಕಡಿಮೆ ಇದ್ದವು. ಅವ್ವಾ ಅಂದ ಮಗುವನ್ನು ವಾಡೆಯವರು ಬಿಡುವುದಿಲ್ಲ.

"ಒಲ್ಲೆ ಅನ್ನೂದು ಆಕಿಗೆ ನೀನ ತೋರಸಬೇಕು, ರುಕ್ಮಿ" ಅಂದೆ. "ನೀ ಕಡೀಕ ಯಾವಾಗ ಒಲ್ಲೆ ಅಂದಿದ್ದಿ?"

ಅವಳು ಯೋಚಿಸಿದಳು. ಬೆರಳು ಮಡಚಿದಳು. ಮತ್ತೆ ಬಿಚ್ಚಿದಳು. ಬಹಳ ಹೊತ್ತಿನ ಮೇಲೆ ಅಂದಳು: "ನನ್ನ ಲಗ್ನದಾಗ. ಎರಡನೇ ಸಲ ಹೋಳಿಗಿ ನೀಡಾಕ ಬಂದಾಗ. ಹೊಟ್ಟಿ ಹಸದಿತ್ತು, ಆದರೂ ಒಲ್ಲೆ ಅಂದೆ. ಮದುಮಗಳು ಹಂಗ ಅನ್ನಬೇಕಂತ."

ಇಬ್ಬರೂ ಬಿದ್ದು ಬಿದ್ದು ನಕ್ಕೆವು. ಹದಿನಾಲ್ಕು ವರ್ಷದಲ್ಲಿ ಒಂದು ಒಲ್ಲೆ, ಅದೂ ಹೋಳಿಗೆಗೆ!

ಒಲೆ ಊದುವ ಕೊಳವೆ ತಂದೆ. ಅದನ್ನು ನಿಂಬೆವ್ವನ ತುಟಿಗಿಟ್ಟು ಊದಿಸಿದೆ. ತುಟಿ ದುಂಡಗಾಯಿತು. ಮೆಲ್ಲಗೆ ಕೊಳವೆ ತೆಗೆದೆ, ತುಟಿ ಹಾಗೇ ಇತ್ತು. ಅವಳ ಒಂದು ಅಂಗೈ ನನ್ನ ಗಂಟಲ ಮೇಲೆ, ಇನ್ನೊಂದು ಅವಳದೇ ಗಂಟಲ ಮೇಲೆ. ಒ. ಒ. ಒ. ಮೂರು ದಿನ ಬರೀ ಗಾಳಿ. ನಾಲ್ಕನೇ ದಿನ ಅವಳ ಗಂಟಲು ಗುರ್ ಅಂದಿತು. ಬೆಚ್ಚಿಬಿದ್ದು ನನ್ನ ಮುಖ ನೋಡಿದಳು. ತನ್ನೊಳಗೇ ಒಂದು ಬೀಸುವ ಕಲ್ಲು ಇದೆ ಎಂದು ಅವಳಿಗೆ ಅವತ್ತು ಗೊತ್ತಾಯಿತು. ಆ ಮೇಲೆ ಬಿಟ್ಟರೆ ತಾನೆ? ಇಡೀ ದಿನ ಗಂಟಲು ಹಿಡಿದುಕೊಂಡು ಒ ಒ ಒ ಅನ್ನುತ್ತ ಕೇರಿಯ ತುಂಬ ಓಡಾಡಿದಳು. ನಾಯಿಗಳು ಬೆದರಿ ಹಳ್ಳ ಹಾರಿದವು.

ಲ ಹೊರಡಿಸುವುದು ಕಷ್ಟ. ನಾಲಿಗೆ ಮೇಲೆ ಹತ್ತಬೇಕು. ಬೆರಳ ತುದಿಯಲ್ಲಿ ಬೆಲ್ಲ ಅರೆದು ಅವಳ ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ಹಚ್ಚಿದೆ. ನಾಲಿಗೆ ತಾನಾಗಿಯೇ ಹುಡುಕಿಕೊಂಡು ಹೋಗಿ ನೆಕ್ಕಿತು. ನೆಕ್ಕುವಾಗ ಗಂಟಲು ಹಿಡಿಸಿ ಉಸಿರು ಬಿಡಿಸಿದೆ. ಹದಿಮೂರನೇ ದಿನ ಬಂತು ಮಾತು. "ವಲ್ಲ್ಯಾ!" ಎಳೆಗರು ಕೂಗಿದಂತೆ. ನಾನು ಕುಣಿದುಬಿಟ್ಟೆ. ಐವತ್ತು ವರ್ಷದ ಮುದುಕಿ, ಸೀರೆ ಎತ್ತಿ ಕಟ್ಟಿ, ಗುಡಿಸಲ ಮುಂದೆ ಕುಣಿದೆ. ಒಂದೊಂದು ವಲ್ಲ್ಯಾಕ್ಕೆ ಒಂದೊಂದು ಚೂರು ಬೆಲ್ಲ ಕೊಟ್ಟೆ.

ಅದೇ ನಾನು ಮಾಡಿದ ತಪ್ಪು.

ಮರುದಿನ ಅವಳು ಸೈದಪ್ಪನ ಕಿರಾಣಿ ಅಂಗಡಿಯ ಮುಂದೆ, ನಮ್ಮವರು ನಿಲ್ಲಬೇಕಾದ ಗೆರೆಯಾಚೆ ನಿಂತು, ಬೆಲ್ಲದ ಪೆಂಟೆಗೆ ಎರಡೂ ಕೈ ಚಾಚಿ "ವಲ್ಲೆ! ವಲ್ಲೆ!" ಎಂದು ಬೊಬ್ಬೆ ಹೊಡೆಯುತ್ತಿದ್ದಳು.

"ಏ ಸಾಬವ್ವ, ಒಲ್ಲದಿದ್ರ ಯಾಕ ಕೈ ಚಾಚ್ತದ ಇದು?" ಎಂದ ಸೈದಪ್ಪ.

ಹಣೆ ಬಡಿದುಕೊಂಡೆ. ಒಲ್ಲೆ ಅಂದರೆ ಬೆಲ್ಲ ಸಿಗುತ್ತದೆ ಎಂದು ನಾನೇ ಕಲಿಸಿದ್ದೆ. ಅವಳ ತಪ್ಪೇನು? ಒಲ್ಲೆ ಅಂದರೆ ಏನೆಂದು ಅವಳಿಗೆ ಗೊತ್ತಾಗುವುದಾದರೂ ಹೇಗೆ? ಅವಳು ಮುಖ ತಿರುಗಿಸಿದಾಗ ಯಾರಾದರೂ ಕೈ ಹಿಂದಕ್ಕೆ ತೆಗೆದದ್ದುಂಟೆ? ಸದ್ದು ಗಂಟಲಿನಿಂದ ಬರುತ್ತದೆ. ಅರ್ಥ ಮಾತ್ರ ಎದುರಿನವರು ಕೊಡಬೇಕು. ಅವಳು ಒಲ್ಲೆ ಅಂದ ಕೂಡಲೇ ಎದುರಿನವರು ನಿಲ್ಲಬೇಕು. ಇಷ್ಟು ಸಣ್ಣ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ನಮ್ಮ ಒಲ್ಲೆಗೆ ಯಾರು ನಿಂತಿದ್ದಾರೆ, ಹೊಳೆಯಲಿಕ್ಕೆ?

ಆ ಸಂಜೆ ಕೇರಿಯವರನ್ನೆಲ್ಲ ಕಟ್ಟೆಗೆ ಕರೆದೆ.

"ನಾಳಿಯಿಂದ ಒಂದು ಆಟ. ನಿಂಬಿ ಒಲ್ಲೆ ಅಂದ್ಲಂದ್ರ, ಯಾರ ಕೈಯಾಗ ಏನಿದ್ರೂ ಕೆಳಗ ಇಡಬೇಕು. ಏನ ಮಾಡಾಕತ್ತಿದ್ರೂ ಬಿಡಬೇಕು. ಸಣ್ಣವರು ದೊಡ್ಡವರು ಅನ್ನಂಗಿಲ್ಲ."

"ರೊಟ್ಟಿ ತಿನ್ನಾಕತ್ತಿದ್ರ?" ಧರ್ಮಣ್ಣ ಕೇಳಿದ. ಚಾವಡಿಯ ಬಿಟ್ಟಿ ಆಳು ಅವನು. ಅರವತ್ತರ ಹತ್ತಿರ. ಪಾಟೀಲ ಕೆಮ್ಮಿದರೂ "ಜೀ ಧಣಿ" ಅನ್ನುವವನು.

"ರೊಟ್ಟಿನೂ ಇಡಬೇಕು, ಕಾಕಾ."

ಶುರುವಾಯಿತು ನೋಡಿ! ಮೊದಲು ನಾನು ಬಜೆಯ ಕಹಿ ಬೇರು ಅವಳ ಬಾಯಿಗೆ ಹಿಡಿದೆ. ಮುಖ ಹಿಂಡಿ "ವಲ್ಲೆ" ಅಂದಳು. ತಕ್ಷಣ ಬೇರು ಬಿಸಾಡಿದೆ. ಕಣ್ಣು ಅಗಲ ಮಾಡಿದಳು. ಮತ್ತೆ ಹಿಡಿದೆ, ಮತ್ತೆ ಅಂದಳು, ಮತ್ತೆ ಬಿಸಾಡಿದೆ. ಐದನೇ ಸಲಕ್ಕೆ ಅವಳ ಮುಖದಲ್ಲಿ ಒಂದು ನಗು ಬಂತು. ಅಂಥ ನಗು ನಮ್ಮ ಕೇರಿಯಲ್ಲಿ ನಾನು ಯಾರ ಮುಖದಲ್ಲೂ ಕಂಡಿರಲಿಲ್ಲ. ತನ್ನ ಮಾತಿಗೆ ಒಂದು ಮನುಷ್ಯಜೀವ ನಿಂತಿತು ಎಂಬ ನಗು ಅದು.

ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಎಣ್ಣೆ ಹಚ್ಚಲು ಹೋದರೆ ಒಲ್ಲೆ. ತಲೆ ಬಾಚಲು ಹೋದರೆ ಒಲ್ಲೆ. ಧರ್ಮಣ್ಣ ಕಟ್ಟಿಗೆ ಹೊರೆ ಹೊತ್ತು ಬಂದರೆ ಓಡಿ ಹೋಗಿ ಎದುರಿಗೆ ನಿಂತು ಒಲ್ಲೆ. ಧರ್ಮಣ್ಣ ಹೊರೆ ಕೆಳಗಿಡುವನು. ನಾಲ್ಕು ಹೆಜ್ಜೆ ನಡೆದರೆ ಮತ್ತೆ ಒಲ್ಲೆ. ಮತ್ತೆ ಇಡುವನು. ಹಳ್ಳದಿಂದ ಕೇರಿಗೆ ಬರಲು ಒಂದು ದಿನ ಅವನಿಗೆ ಹನ್ನೊಂದು ಸಲ ಇಳಿಸಿ ಹೊರಬೇಕಾಯಿತು. "ನಿನ್ನ ಬಾಯಿಗಿ ಮಣ್ಣ ಹಾಕಾ!" ಎಂದು ಬೈಯುತ್ತಲೇ ಇಡುವನು, ನಗುತ್ತಲೇ ಎತ್ತುವನು. ಉಳಿದ ಮಕ್ಕಳೂ ಕಲಿತವು. ಹೆಂಗಸರೂ ಕಲಿತರು. ಒಬ್ಬಳು ಗಂಡ ಕೈ ಎತ್ತಿದಾಗ "ವಲ್ಲೆ!" ಎಂದು ನಿಂಬೆವ್ವನ ಧಾಟಿಯಲ್ಲೇ ಅಂದಳಂತೆ. ಅವನ ಕೈ ತಾನಾಗಿಯೇ ಕೆಳಗಿಳಿಯಿತಂತೆ. ಆಮೇಲೆ ಅವನು ತನ್ನ ಕೈಯನ್ನೇ ನೋಡುತ್ತ ಕುಳಿತಿದ್ದನಂತೆ. ಇಡೀ ಕೇರಿಗೆ ಒಂದು ಅಮಲು ಏರಿತ್ತು. ಸೇಂದಿ ಕುಡಿಯದೆಯೇ ತೂರಾಡುತ್ತಿದ್ದೆವು.

ಒಂದೇ ಒಂದು ಕಂಟಕ ಉಳಿದಿತ್ತು. ನಿಂಬೆವ್ವ ಒಲ್ಲೆ ಅನ್ನುವಾಗ ಕೈಮುಗಿದು ಗೋಣು ಹಾಕುತ್ತಿದ್ದಳು! ಬಾಯಿ ಒಲ್ಲೆ, ಕುತ್ತಿಗೆ ಹೂಂ.

ರುಕ್ಮಿಣಿಬಾಯಿಯನ್ನು ಹಿಡಿದು ಕೇಳಿದೆ. ತಲೆ ತಗ್ಗಿಸಿದಳು.

"ನಾನ ಕಲಿಸೇನಿ ಅಕ್ಕಾ. ಕೂಸಿಗೆ ಕಿವಿ ಕೇಳಂಗಿಲ್ಲ. ಧಣಿಗೋಳು ಕರದ್ರ ಗೊತ್ತಾಗಂಗಿಲ್ಲ. ಸೊಕ್ಕು ಅಂತ ಹೊಡದು ಕೊಂದಾರು ಅಂತ, ದೊಡ್ಡವರ ತುಟಿ ಅಲಗಾಡಿದ್ರ ಸಾಕು, ಗೋಣ ಹಾಕು ಅಂತ ಕುತ್ತಿಗಿ ಒತ್ತಿ ಒತ್ತಿ ಕಲಿಸೇನಿ."

ನಮ್ಮ ಕೇರಿಯಲ್ಲಿ ಮಗು ನಡೆಯುವ ಮೊದಲೇ ಬಾಗುವುದನ್ನು ಕಲಿಯುತ್ತದೆ. ಕಲಿಸುವವಳು ಅವ್ವನೇ. ಮಗು ಬದುಕಲಿ ಎಂಬ ಆಸೆಯಿಂದಲೇ ಕಲಿಸುತ್ತಾಳೆ. ನಾನು ಅವಳನ್ನು ಬೈಯಲಿಲ್ಲ. ಯಾರನ್ನು ಬೈಯಬೇಕೋ ಅವರನ್ನು ಮನಸ್ಸಿನಲ್ಲೇ ಬೈದೆ.

ಆ ಕುತ್ತಿಗೆಯನ್ನು ನೆಟ್ಟಗೆ ನಿಲ್ಲಿಸುವುದು ಹೇಗೆ? ಕೈಯಿಂದ ಎತ್ತಿ ಹಿಡಿದರೆ ಬಿಟ್ಟ ಕೂಡಲೇ ಬಾಗುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಹಳ್ಳದಲ್ಲಿ ನೀರು ತರುವಾಗ ಹೊಳೆಯಿತು. ತಲೆಯ ಮೇಲೆ ಕೊಡ ಇದ್ದಾಗ ಯಾವ ಹೆಂಗಸು ಗೋಣು ಹಾಕುತ್ತಾಳೆ? ಸಾಧ್ಯವೇ ಇಲ್ಲ. ತುಂಬಿದ ಸಣ್ಣ ಗಡಿಗೆಯೊಂದನ್ನು ಅವಳ ತಲೆಯ ಮೇಲಿಟ್ಟೆ. ಬಜೆ ತೋರಿಸಿದೆ. "ವಲ್ಲೆ" ಅಂದಳು, ಗೋಣು ಹಾಕಿದಳು, ದಬದಬ ನೀರು ಸುರಿದು ತೊಯ್ದು ತೊಪ್ಪೆಯಾದಳು. ಕೂಡಿದ ಮಕ್ಕಳೆಲ್ಲ ಹೋ ಎಂದವು. ಅವುಗಳಿಗೂ ಬೇಕಾಯಿತು. ಬೇಸಿಗೆಯ ಬಿಸಿಲು ಬೇರೆ. ಹದಿನೈದು ಮಕ್ಕಳು ತಲೆಯ ಮೇಲೆ ಗಡಿಗೆ, ಚಟ್ಟಿಗೆ, ಒಡಕು ಮಡಕೆ ಇಟ್ಟುಕೊಂಡು ಸಾಲಾಗಿ ನಿಂತು ಒಲ್ಲೆ ಒಲ್ಲೆ ಅನ್ನುವುದು, ಸುರಿದುಕೊಳ್ಳುವುದು, ಮತ್ತೆ ಹಳ್ಳಕ್ಕೆ ಓಡುವುದು. ಕೇರಿ ಕೆಸರಾಯಿತು. ಎಂಟು ದಿನದಲ್ಲಿ ನಿಂಬೆವ್ವನ ಗಡಿಗೆಯಿಂದ ಹನಿ ನೀರು ಬೀಳುವುದು ನಿಂತಿತು.

ಯುಗಾದಿಯ ಐದನೇ ದಿನ ಬಂತು.

ಚಾವಡಿಯ ಕಟ್ಟೆಯ ಮೇಲೆ ಪಾಟೀಲ ಬಸವಂತರಾಯ, ಬಿಳಿ ಧೋತರ, ಜರಿ ರುಮಾಲು. ಪಕ್ಕದ ಕುರ್ಚಿಯಲ್ಲಿ ಗಿರ್ದಾವರ ಉಸ್ಮಾನಸಾಬ, ಬೆವರು ಒರೆಸಿಕೊಳ್ಳುತ್ತ. ನಾವು ಕೆಳಗೆ, ಬಿಸಿಲಲ್ಲಿ, ನೆಲದ ಮೇಲೆ. ನಮ್ಮವರಲ್ಲೇ ಒಬ್ಬ ಸಾಹೇಬನ ಕುದುರೆಯ ಲಗಾಮು ಹಿಡಿದು ನಿಂತಿದ್ದ. ಇನ್ನೊಬ್ಬ ಕಟ್ಟೆಯ ಕೆಳಗಿನಿಂದಲೇ ಉದ್ದ ಬಿದಿರಿಗೆ ಕಟ್ಟಿದ ಛತ್ರಿಯನ್ನು ಸಾಹೇಬನ ತಲೆಯ ಮೇಲೆ ಎತ್ತಿ ಹಿಡಿದಿದ್ದ. ಮೂರನೆಯವನು ಸಾಹೇಬನ ಹಾಸಿಗೆ ಸುರುಳಿಯನ್ನು ತಲೆಯ ಮೇಲೆ ಹೊತ್ತಿದ್ದ. ಇಳಿಸು ಎಂದು ಯಾರೂ ಹೇಳಿರಲಿಲ್ಲ, ಹೊತ್ತೇ ಇದ್ದ.

"ನಿಂಬಿ, ರುಕ್ಮಿ ಮಗಳು" ಎಂದ ಪಾಟೀಲ.

ನಾನೇ ಅವಳನ್ನು ಮುಂದೆ ನಿಲ್ಲಿಸಿದೆ. ಪಾಟೀಲ ವಾಡೆಯ ಕಡೆ ಕೈ ತೋರಿಸಿದ. "ಖುಷಿಯಿಂದ ಮಾಡ್ತಿಯೋ, ಒಲ್ಲೆ ಅಂತಿಯೋ?"

ನಿಂಬೆವ್ವ ಸುಮ್ಮನೆ ಅವನ ಮೀಸೆ ನೋಡುತ್ತ ನಿಂತಳು. ಅವಳಿಗೆ ಕೇಳಿದರೆ ತಾನೆ? ಅವಳ ಮುಂದೆ ಬಜೆಯ ಬೇರಿಲ್ಲ, ಆಟವಿಲ್ಲ. ಮೂವತ್ತೈದು ದಿನ ನೀರಲ್ಲಿ ಹೋಯಿತು ಅಂದುಕೊಂಡೆ.

"ನೋಡ್ರಿ ಸಾಹೇಬ್ರ, ಒಪ್ಪಿದಳು" ಎಂದ ಪಾಟೀಲ. "ಏ ಧರ್ಮ್ಯಾ, ಹೆಬ್ಬಟ್ಟ ಒತ್ತಸು."

ಇಲ್ಲೇ ಪಾಟೀಲ ಸಿಕ್ಕಿಬಿದ್ದ. ನಮ್ಮ ಮಗುವಿನ ಕೈ ಹಿಡಿಯಲು ಅವನ ಮನೆಯ ಆಳಿಗಾಗಲಿ ಊರ ಕುಲಕರ್ಣಿಗಾಗಲಿ ಆಗುವುದಿಲ್ಲ. ಮೈಲಿಗೆ! ಹೊಲಗೇರಿಯ ಹೆಬ್ಬೆಟ್ಟು ಒತ್ತಿಸಲು ಹೊಲಗೇರಿಯವನೇ ಬೇಕು. ಧರ್ಮಣ್ಣ ಮಸಿ ಪಟ್ಟಿ ಎತ್ತಿಕೊಂಡ. ತಲೆ ಎತ್ತದೆ ಬಂದ. ನಿಂಬೆವ್ವನ ಮಣಿಕಟ್ಟು ಹಿಡಿದ. ಹೆಬ್ಬೆರಳನ್ನು ಮಸಿಗೆ ಒತ್ತಿದ. ಕಪ್ಪು, ತಣ್ಣಗೆ, ಜಿಗುಟು. ಅವಳು ಮುಖ ಹಿಂಡಿದಳು. ಅವಳ ಕುತ್ತಿಗೆ ಒಂದು ಸಲ ಕೆಳಗೆ ಹೊರಟಿತು. ಹೊರಟದ್ದು ಅಲ್ಲೇ ನಿಂತಿತು. ಮೇಲೆ ಬಂತು. ನೆಟ್ಟಗಾಯಿತು.

"ವಲ್ಲೆ!"

ಧರ್ಮಣ್ಣ ಕೈ ಬಿಟ್ಟ. ಬೇಕೆಂದು ಬಿಡಲಿಲ್ಲ, ಪಾಪ. ಇಪ್ಪತ್ತು ದಿನದ ರೂಢಿ. ಕಟ್ಟಿಗೆ ಹೊರೆ ಬಿಟ್ಟ ಕೈ, ರೊಟ್ಟಿ ಬಿಟ್ಟ ಕೈ ಅದು. ತಾನಾಗಿಯೇ ಬಿಚ್ಚಿಕೊಂಡಿತು. ಇನ್ನೊಂದು ಕೈಯಲ್ಲಿದ್ದ ಮಸಿ ಪಟ್ಟಿಯೂ ಬಿತ್ತು. ಕಟ್ಟೆಯ ಅಂಚಿಗೆ ಬಡಿದು, ಪುಟಿದು, ಪಾಟೀಲನ ಬಿಳಿ ಧೋತರದ ಮೇಲೆ ಮಲಗಿತು.

"ಹಿಡೀಲೇ ಸೂಳೀಮಗನ!" ಪಾಟೀಲ ಅರಚಿದ.

ಧರ್ಮಣ್ಣ ಹಿಡಿದ.

"ವಲ್ಲೆ!"

ಬಿಟ್ಟ.

"ಹಿಡೀಲೇ!"

ಹಿಡಿದ. ಈ ಸಲ ಅವಳಿಗೆ ನಗು ಬಂದುಬಿಟ್ಟಿತ್ತು. ಹೊಸ ಆಟ, ಹೊಸ ಜನ. ಇನ್ನೊಂದು ಕೈ ಸೊಂಟದ ಮೇಲಿಟ್ಟು, ಎದೆ ಉಬ್ಬಿಸಿ, ಊರ ಅಗಸೆ ಬಾಗಿಲಿಗೆ ಕೇಳುವ ಹಾಗೆ ಕೂಗಿದಳು. "ವಲ್ಲೇ!"

ಹಾಸಿಗೆ ಸುರುಳಿ ದೊಪ್ಪೆಂದು ನೆಲಕ್ಕೆ ಬಿತ್ತು. ಛತ್ರಿ ಓಲಾಡಿ ಸಾಹೇಬನ ತಲೆಯ ಮೇಲೆ ಕವಚಿಕೊಂಡಿತು. ಲಗಾಮು ಹಿಡಿದವನು ಲಗಾಮು ಬಿಟ್ಟ. ಕುದುರೆ ಆ ಕಡೆ ಈ ಕಡೆ ನೋಡಿತು, ಯಾರೂ ಏನೂ ಅನ್ನಲಿಲ್ಲ, ಸೀದಾ ಪಾಟೀಲನ ಬಣವೆಗೆ ಹೋಗಿ ಬಾಯಿ ಹಾಕಿತು. ಕೇರಿಯ ಮಕ್ಕಳು ಕಿಲಕಿಲ ಎಂದವು. ಅಲ್ಲಿಂದ ಹೆಂಗಸರಿಗೆ ಹತ್ತಿತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದು. ಚಾವಡಿಯ ಮುಂದೆ ನಮ್ಮವರು ನಕ್ಕದ್ದು ಅದೇ ಮೊದಲು. ನಗಲು ಶುರುಮಾಡಿದರೆ ಅದಕ್ಕೆ ಕೊನೆ ಎಲ್ಲಿ? ನಾನಂತೂ ನೆಲದ ಮೇಲೆ ಉರುಳಿದೆ.

"ಅದು ಮಾತಲ್ಲ ಸಾಹೇಬ್ರ! ಮೂಕಪ್ರಾಣಿ, ಸುಮ್ಮ ಒದರ್ತದ!" ಪಾಟೀಲ ಹಲ್ಲು ಕಡಿದ.

ಉಸ್ಮಾನಸಾಬ ಛತ್ರಿಯ ಕೆಳಗಿನಿಂದ ತಲೆ ಹೊರಗೆ ಹಾಕಿದ. ಒಳ್ಳೆಯವನೇನಲ್ಲ ಅವನು. ಪಾಟೀಲನ ಮನೆಯ ಕೋಳಿ ತಿಂದೇ ಬಂದಿದ್ದ. ಆದರೆ ನೆತ್ತಿ ಸುಡುತ್ತಿತ್ತು, ಕುದುರೆ ಕೈತಪ್ಪಿ ಹೋಗಿತ್ತು, ನೂರು ಜನ ನೋಡುತ್ತಿದ್ದರು.

"ಪಾಟೀಲ್, ಆಳಂದದಾಗ ಹದಿನಾಲ್ಕು ವರ್ಷ ಆತು ನಾ ಇರಾಕತ್ತು. ಒಲ್ಲೆ ಅಂದ್ರ ಏನಂತ ನನಗೂ ಸಮಝ್ ಆಗ್ತದ. ಮೂರು ದಫಾ ಹೇಳ್ಯಾಳ. ರಾಜಿ ಇಲ್ಲ ಅಂತ ಬರೀತೇನಿ. ಮೊದಲ ನನ್ನ ಘೋಡಾ ಹಿಡಸು!"

"ಧರ್ಮ್ಯಾ! ಕುದುರಿ ಹಿಡಿ ಹೋಗ್!"

ಧರ್ಮಣ್ಣ ತನ್ನ ಮಸಿಯಾದ ಕೈ ನೋಡಿಕೊಂಡ. ನಿಂಬೆವ್ವನನ್ನು ನೋಡಿದ. ಅವನ ಬಾಯಿ ತೆರೆಯಿತು, ಮುಚ್ಚಿತು, ತೆರೆಯಿತು. ಮೊದಲ ದಿನ ನಿಂಬೆವ್ವ ಪಟ್ಟ ಪಾಡೇ ಅದು. ಅವನ ತುಟಿ ದುಂಡಗಾಗುವುದನ್ನು ನಾನು ಕಣ್ಣಾರೆ ಕಂಡೆ.

"ಒ... ಒಲ್ಲೆ ಧಣಿ."

ತಾನು ಅಂದದ್ದರಲ್ಲಿ ಏನೋ ಹೆಚ್ಚಾಗಿದೆ ಅನ್ನಿಸಿತೋ ಏನೋ, ಮತ್ತೊಮ್ಮೆ ಅಂದ, ಧಣಿ ಬಿಟ್ಟು.

"ಒಲ್ಲೆ."

ಆಮೇಲೆ ಪಾಟೀಲ ಹೆಸರು ಕರೆಯುತ್ತ ಹೋದ. ರುಕ್ಮಿಣಿಬಾಯಿ ಎದ್ದು ಒಲ್ಲೆ ಅಂದಳು. ಛತ್ರಿಯವನು ಒಲ್ಲೆ. ಹಾಸಿಗೆಯವನು ಒಲ್ಲೆ. ದೇವೀಂದ್ರಪ್ಪನೆಂಬ ಮುದುಕನೊಬ್ಬ, ಅವನ ಹೆಸರು ಕರೆದೇ ಇರಲಿಲ್ಲ, ಕೋಲೂರಿ ಎದ್ದು "ನನ್ನದೂ ಒಂದು ಒಲ್ಲೆ ಬರಕೋರಿ ಸಾಹೇಬ್ರ, ಮುಂದಿನ ವರ್ಷ ಇರ್ತೇನೋ ಇಲ್ಲೋ" ಅಂದ. ಸಾಹೇಬನೇ ನಕ್ಕುಬಿಟ್ಟ.

ಸುಮ್ಮನೆ ಬಿಟ್ಟರೆಂದು ತಿಳಿಯಬೇಡಿ. ಮರುದಿನವೇ ಪಾಟೀಲನ ಆಳುಗಳು ಧರ್ಮಣ್ಣನನ್ನು ಹಳ್ಳದ ದಂಡೆಯಲ್ಲಿ ಕೆಡವಿ ಹೊಡೆದರು. ಮುಂದಿನ ಮೂರು ಹಲ್ಲು ಹೋದವು. ಊರಲ್ಲಿ ಯಾರೂ ನಮ್ಮನ್ನು ಕೂಲಿಗೆ ಕರೆಯಬಾರದೆಂದು ಡಂಗುರ ಸಾರಿಸಲು ನೋಡಿದರು. ಸಾರಬೇಕಾದವನು ನಮ್ಮವನೇ, ಅವನೂ ಒಲ್ಲೆ ಅಂದ. ಆಮೇಲೆ ಕುಲಕರ್ಣಿಯೇ ಮನೆಮನೆಗೆ ಹೇಳಿಬಂದ. ಗಂಡಸರು ಸೋಲಾಪುರದ ಗಿರಣಿಗಳಿಗೆ ಹೋದರು. ಎರಡು ತಿಂಗಳು ಅಂಬಲಿ ಕುಡಿದು ಬದುಕಿದೆವು. ಹಸಿವೆ ಹಸಿವೆಯೇ, ಅದರಲ್ಲಿ ನಗುವಂಥದ್ದು ಏನೂ ಇಲ್ಲ. ಆದರೆ ವಾಡೆಗೆ ಯಾರೂ ಹೋಗಲಿಲ್ಲ. ನಿಂಬೆವ್ವ ಹೋಗಲಿಲ್ಲ. ಪಾಟೀಲನ ಸೊಸೆಯಂದಿರು ಮೂಗಿಗೆ ಸೆರಗು ಕಟ್ಟಿಕೊಂಡು ಸೆಗಣಿ ಬಾಚಿದರು. ಅದನ್ನು ನೋಡಲು ನಮ್ಮ ಮಕ್ಕಳು ದಿನಾ ಗೋಡೆ ಹತ್ತಿದವು. ಹೊಡೆತ ತಿಂದ ಮರುದಿನ ಧರ್ಮಣ್ಣ ಬಾತ ಮೋರೆ ಹೊತ್ತು ನನ್ನ ಗುಡಿಸಲಿಗೆ ಬಂದಿದ್ದ.

"ಸಾಬವ್ವ, ಹಲ್ಲು ಹೋದ ಮ್ಯಾಲ ನನ್ನ ಒಲ್ಲೆ ಸೋರಾಕತ್ತದ. ನನಗೂ ಒಂದಿಷ್ಟು ಬೆಲ್ಲ ಹಚ್ಚು."

ಬಾಯಿ ತೆರೆದು ಕುಳಿತ. ಹಚ್ಚಿದೆ. ಇಬ್ಬರೂ ನಕ್ಕೆವು. ಅವನು ನಕ್ಕಾಗ ತುಟಿ ಒಡೆದು ರಕ್ತ ಬಂತು.

ನನಗೆ ಮಾತ್ರ ಆ ಅಮಲು ಇಳಿಯಲಿಲ್ಲ. ಹಿರೋಳ್ಳಿಯಿಂದ ಬೀಗರು ಬಂದರು, ಒಲ್ಲೆ ಅಂದ ಹುಡುಗಿ ಯಾವಳು ತೋರಿಸು ಅಂದರು. ನಿಂಬೆವ್ವನನ್ನು 'ಬಾ' ಎಂದು ಎಳೆದು ತಂದೆ, ಅನ್ನಿಸಿದೆ. ಸಂತೆಗೆ ಒಯ್ದೆ, ಅನ್ನಿಸಿದೆ. ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ಜನ ಚಪ್ಪಾಳೆ ತಟ್ಟಿದರೆ ನನ್ನ ಎದೆ ಉಬ್ಬುತ್ತಿತ್ತು. ಅವಳಿಗೆ ಅವ್ವಾ ಕಲಿಸುವ ದಿನವನ್ನೂ ಮುಂದೆ ಮುಂದೆ ಹಾಕಿದೆ. ರುಕ್ಮಿಣಿಬಾಯಿ ಕೇಳಲೆಂದು ಬಾಗಿಲ ತನಕ ಬಂದು ಹೊರಳಿ ಹೋಗುತ್ತಿದ್ದಳು.

ಕಾರಹುಣ್ಣಿಮೆಯ ಹೊತ್ತಿಗೆ ಮಟಕಿಯಿಂದ ಅಮೋಘಸಿದ್ದ ಬಂದ. ಅವನ ಮಗಳಿಗೂ ಮಾತಿಲ್ಲ. ಅವಳನ್ನೂ ಆ ಊರ ಗೌಡ ಚಾಕರಿಗೆ ಕೇಳಿದ್ದನಂತೆ.

"ಯವ್ವಾ, ನೀ ಬಾ. ಆ ಹುಡುಗೀನೂ ಕರಕೊಂಡು ಬಾ. ನಮ್ಮ ಮಂದಿ ಕಣ್ಣಿಲೆ ನೋಡಿದ್ರ ಧೈರ್ಯ ಬರ್ತದ."

"ಈಗ ಹೊಂಟೆವು ನೋಡು" ಅಂದೆ.

ನಿಂಬೆವ್ವ ಬೇವಿನ ಮರದ ಕೆಳಗೆ ಮಣ್ಣಿನ ಎತ್ತು ಮಾಡುತ್ತಿದ್ದಳು. ನಾಲ್ಕು ಎತ್ತು ಆಗಿದ್ದವು, ಐದನೆಯದಕ್ಕೆ ಕೋಡು ಹಚ್ಚುತ್ತಿದ್ದಳು. ಹೋಗಿ ಅವಳ ಮಣಿಕಟ್ಟು ಹಿಡಿದು ಎಬ್ಬಿಸಿದೆ. ಮಟಕಿಯ ದಾರಿ ತೋರಿಸಿದೆ.

ಅವಳು ನನ್ನ ಮುಖ ನೋಡಿದಳು. ಕುತ್ತಿಗೆ ನೆಟ್ಟಗಿತ್ತು.

"ವಲ್ಲೆ."

ನನಗೆ ಸಿಟ್ಟು ನೆತ್ತಿಗೇರಿತು. ನನಗೇ? ಗಂಟಲು ಹಿಡಿಸಿ ಕಲಿಸಿದವಳಿಗೇ? "ಏ ನಿಂಬೀ, ನಡಿ ಸುಮ್ಮ!" ಎಂದು ಇನ್ನೂ ಬಿಗಿಯಾಗಿ ಹಿಡಿದು ಎಳೆದೆ. ಹೊಡೆಯಲು ಇನ್ನೊಂದು ಕೈ ಮೇಲೆತ್ತಿದ್ದೆ.

"ವಲ್ಲೆ."

ಕೂಗಲಿಲ್ಲ, ನಗಲಿಲ್ಲ. ಕಣ್ಣು ಮಿಟುಕಿಸದೆ ನನ್ನ ಎತ್ತಿದ ಕೈಯನ್ನೇ ನೋಡುತ್ತಿದ್ದಳು. ಆ ಕೈ ಯಾರದೆಂದು ನನಗೆ ಗುರುತು ಹತ್ತಿತು. ಥೇಟ್ ವಾಡೆಯವರ ಕೈ. ಬೆರಳು ಒಂದೊಂದಾಗಿ ಬಿಚ್ಚಿದೆ. ಮಣಿಕಟ್ಟಿನ ಮೇಲೆ ನನ್ನ ಬೆರಳ ಗುರುತು ಮೂಡಿತ್ತು. ಅವಳು ಅದನ್ನು ಒಂದು ಸಲ ಉಜ್ಜಿಕೊಂಡು ಕುಳಿತಳು. ಎತ್ತಿಗೆ ಎರಡನೇ ಕೋಡು ಹಚ್ಚತೊಡಗಿದಳು.

ಯಾಕೋ ಗೊತ್ತಿಲ್ಲ, ನನಗೆ ನಗು ಉಕ್ಕಿತು. ಕಣ್ಣಲ್ಲಿ ನೀರು ಬರುವಷ್ಟು. ನಗುತ್ತಲೇ ಸೆರಗು ಸಿಕ್ಕಿಸಿಕೊಂಡು ಮಟಕಿಯ ದಾರಿ ಹಿಡಿದೆ.

ಅಮೋಘಸಿದ್ದ ಹಿಂದಿನಿಂದ ಓಡಿ ಬಂದ. "ಯವ್ವಾ, ಹುಡುಗಿ ಬರಂಗಿಲ್ಲೇನು?"

"ಒಲ್ಲೆ ಅಂದಾಳಲ್ಲೋ" ಅಂದೆ. "ಕೇಳಲಿಲ್ಲೇನು ನಿನಗ?"